ಶಾಖ

ನೋವು ಬಲಕ್ಕೋ ಎಡಕ್ಕೋ ಎಂಬುದೇ ಗೊತ್ತಾಗದೆ ಅವಳು ಬಚ್ಚಲಿನ ಕನ್ನಡಿಯೆದುರು ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡು ಹಾಗೇ ನಿಂತುಬಿಟ್ಟಳು. ನೋವು ಅನ್ನುವುದೂ ಹೆಚ್ಚೇನೋ. ಒಂದು ಎಳೆತ. ಹೊಕ್ಕುಳಿನ ಕೆಳಗೆ, ಒಳಗೆಲ್ಲೋ, ಯಾರೋ ದಾರದ ತುದಿ ಹಿಡಿದು ಮೆತ್ತಗೆ ಎಳೆದು ಬಿಟ್ಟ ಹಾಗೆ. ಬಿಟ್ಟಿತು ಸದ್ಯ ಅಂದುಕೊಳ್ಳುವಷ್ಟರಲ್ಲಿ ಮತ್ತೆ. ಮುಟ್ಟಿಗೆ ಮುಂಚೆಯೂ ಥೇಟ್ ಹೀಗೇ ಆಗುತ್ತಿತ್ತು. ಅವಳ ಜೀವ ಹಿಂಡುತ್ತಿದ್ದದ್ದು ಅದೇ. ಮೊನ್ನೆ ಕ್ಲಿನಿಕ್ಕಿನಲ್ಲಿ ಒಳಗಿಟ್ಟು ಕಳಿಸಿದ ಭ್ರೂಣ ಅಲ್ಲೇ ಅಂಟಿಕೊಳ್ಳುತ್ತಿದ್ದರೂ ಹೀಗೇ ನೋಯುತ್ತದಂತೆ, ಬಿಟ್ಟುಹೋಗುತ್ತಿದ್ದರೂ ಹೀಗೇ ನೋಯುತ್ತದಂತೆ. ನರ್ಸು ಎಷ್ಟು ಸಲೀಸಾಗಿ ಹೇಳಿದ್ದಳು: “ಕಿಬ್ಬೊಟ್ಟೆ ಹಿಡಿದ ಹಾಗೆ ಆಗ್ಬಹುದು, ಏನೂ ಆಗದೇನೂ ಇರ್ಬಹುದು, ಎರಡೂ ನಾರ್ಮಲ್ಲು.” ಎರಡೂ ನಾರ್ಮಲ್ಲು ಅಂದರೆ ಮನುಷ್ಯರಾದವರು ಏನು ತಿಳಿದುಕೊಳ್ಳಬೇಕು? ಲ್ಯಾಬಿನಲ್ಲಿ ಬದುಕಿ ಉಳಿದದ್ದೇ ಎರಡು. ಮೊದಲನೆಯದು ಹೋದ ವರ್ಷ ನಿಲ್ಲಲಿಲ್ಲ. ಇದು ಕೊನೆಯದು. ಇದೂ ಹೋದರೆ ಮತ್ತೆ ಮೊದಲಿಂದ ಶುರುಮಾಡುವ ಮಾತನ್ನು ತಾನಂತೂ ಆಡುವುದಿಲ್ಲ ಎಂದು ಡಾಕ್ಟರು ಅವಳ ಕಣ್ಣು ತಪ್ಪಿಸಿಯೇ ಹೇಳಿದ್ದರು. ರಕ್ತಪರೀಕ್ಷೆ ಬರುವ ವಾರ. ಅಲ್ಲಿಯತನಕ ಒಳಗಿನ ಸುದ್ದಿ ಹೇಳಲು ಈ ಎಳೆತವೊಂದೇ ಇತ್ತು, ಅದಕ್ಕೋ ನೆಟ್ಟಗೆ ಮಾತು ಬಾರದು.

ಬಾಗಿಲ ಮೇಲೆ ಉಗುರಿನಿಂದ ಕೆರೆದ ಸದ್ದಾಯಿತು. ಗಂಡ. ಈಚೆಗೆ ಅವನು ಬಾಗಿಲು ಬಡಿಯುವುದನ್ನೇ ಬಿಟ್ಟಿದ್ದ. “ನೋವೇನಾದ್ರೂ ಇದೆಯಾ?” ಎಂದು ಪಿಸುಗುಟ್ಟಿದ. “ಇಲ್ಲ ರೀ” ಅಂದಳು, ನೊರೆ ತುಂಬಿದ ಬಾಯಲ್ಲೇ. ಇದೆ ಅಂದರೆ ಮುಗಿಯಿತು, ಕೆಲಸಕ್ಕೆ ರಜೆ ಹಾಕಿ ದಿನವಿಡೀ ಅವಳ ಮುಖವನ್ನೇ ನೋಡುತ್ತ ಕೂರುತ್ತಾನೆ, ಅವಳು ನಿಟ್ಟುಸಿರು ಬಿಟ್ಟರೆ ಸಾಕು ಬೆಚ್ಚಿಬೀಳುತ್ತಾನೆ, ಕೊನೆಗೆ ಅವನಿಗೆ ಧೈರ್ಯ ಹೇಳುವ ಕೆಲಸವೂ ಅವಳ ತಲೆಗೇ ಬರುತ್ತದೆ. ಮದುವೆಯಾದ ಹೊಸದರಲ್ಲೂ ಇಬ್ಬರೂ ಈ ಮನೆಯಲ್ಲಿ ಪಿಸುಗುಟ್ಟಿಯೇ ಮಾತಾಡುತ್ತಿದ್ದರು. ಆಗಿನ ಕಾರಣ ಬೇರೆ. ಈಗ ಅಡುಗೆಮನೆಯಲ್ಲಿದ್ದ ಅತ್ತೆಯ ಕಿವಿಗೆ ಬೀಳಬಾರದೆಂದು. ಅತ್ತೆ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದು ರಿಟೈರಾದವರು. ಸೀಟಿ ಊದುವುದು ನಿಂತು ಎಷ್ಟೋ ಕಾಲವಾಗಿದ್ದರೂ ಗಂಟಲಿಗೆ ಆ ಸಂಗತಿ ಇನ್ನೂ ತಿಳಿದಿರಲಿಲ್ಲ. ಹೋದ ಸಲ ಅವರಿಗೆ ಎಲ್ಲ ಹೇಳಿಯೇ ಮಾಡಿದ್ದು. ಅದು ನಿಲ್ಲಲಿಲ್ಲ ಎಂದು ಫೋನು ಬಂದ ದಿನ ಅತ್ತೆ ಅವಳ ಬೆನ್ನಿಗೆ ದಬ್ಬನೆ ತಟ್ಟಿ, “ಹೋಗ್ಲಿ ಬಿಡು, ಒಂದು ಮ್ಯಾಚ್ ಸೋತ್ರೆ ಏನಂತೆ, ಇನ್ನೊಂದಿದೆಯಲ್ಲ” ಅಂದುಬಿಟ್ಟಿದ್ದರು. ಅಷ್ಟೇ. ಆಮೇಲೆ ಟೀವಿ ಹಾಕಿಕೊಂಡು ಕೂತರು. ಆ ತಟ್ಟಿದ ಪೆಟ್ಟು ಅವಳ ಬೆನ್ನಲ್ಲಿ ಹಾಗೇ ಉಳಿದಿತ್ತು. ಈ ಸಲ ಹೇಳುವುದೇ ಬೇಡ ಎಂದು ಹಟ ಹಿಡಿದವಳು ಅವಳೇ; ಕರುಳಿಗೆ ಇನ್ಫೆಕ್ಷನ್ ಆಗಿದೆ, ಆಗಾಗ ಹೊಟ್ಟೆನೋವು ಬರುತ್ತದಂತೆ, ಭಾರ ಎತ್ತಬಾರದಂತೆ ಎಂಬ ಸುಳ್ಳನ್ನು ಹೆಣೆದು ಗಂಡನ ಬಾಯಿಗೆ ಹಾಕಿದವಳೂ ಅವಳೇ. ಅತ್ತೆ ನಂಬಿದ್ದರು. ಹೊರಗಿನದು ತಿಂದರೆ ಇನ್ನೇನಾಗುತ್ತೆ ಅಂದಿದ್ದರು.

ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ರಸ್ತೆಯ ಉಬ್ಬು ಬರುವುದು ಕಂಡರೆ ಸಾಕು, ಎರಡೂ ಅಂಗೈಯನ್ನು ಸೀಟಿಗೆ ಊರಿ ಮೈಯನ್ನು ಚೂರು ಮೇಲೆತ್ತಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂತ ಹೆಂಗಸು ಒಮ್ಮೆ ತಿರುಗಿ ನೋಡಿದಳು, ಇನ್ನೊಮ್ಮೆ ನೋಡಿದಳು, ಆಮೇಲೆ ತನ್ನ ಚೀಲವನ್ನು ಆಚೆ ಸರಿಸಿಕೊಂಡಳು. ನೋಡಿಕೊಳ್ಳಲಿ. ನಿನ್ನೆ ಸೀನಿದ್ದಳು, ಅದೂ ಮೂರ್ನಾಲ್ಕು ಸಲ, ಒಗ್ಗರಣೆಯ ಘಾಟಿಗೆ. ಸೀನಿದಾಗ ಕಿಬ್ಬೊಟ್ಟೆ ಬಿಗಿಯಾಗಿ ಸೆಳೆದಿತ್ತು. ಮೊನ್ನೆ ಮಲಗುವಾಗ ಮರೆತು ಮಗ್ಗುಲು ಬದಲಿಸಿದ್ದಳು. ಅದಕ್ಕೂ ಮೊದಲು, ಕ್ಲಿನಿಕ್ಕಿನಲ್ಲೇ, ಎಲ್ಲ ಮುಗಿದು ಅರ್ಧ ಗಂಟೆ ಮಲಗಿಸಿದಾಗ ಉಚ್ಚೆ ತಡೆಯಲಾಗದೆ ಒದ್ದಾಡಿ, ಹೋದರೆ ಅದೂ ಜೊತೆಗೇ ಹೋಗಿಬಿಟ್ಟರೆ ಎಂದು ತೊಡೆ ಬಿಗಿಹಿಡಿದು ಅತ್ತಿದ್ದಳು. ನರ್ಸು ನಕ್ಕು, “ಅದು ಜೇಬಿಂದ ಬೀಳೋ ಚಿಲ್ಲರೆ ಅಲ್ಲ ಮೇಡಂ, ಆರಾಮಾಗಿ ಹೋಗ್ಬನ್ನಿ” ಅಂದಿದ್ದಳು. ನಗುವುದಕ್ಕೇನು ಕಷ್ಟ ಅವಳಿಗೆ. ಒಳಗಿಡುವಾಗ ಡಾಕ್ಟರು ಪರದೆಯತ್ತ ಬೆರಳು ತೋರಿಸಿ, “ನೋಡಿ, ಅಲ್ಲಿ ಬೆಳ್ಳಗೆ ಚುಕ್ಕಿ ಇದೆಯಲ್ಲ, ಅದೇ, ಕಾಣ್ತಾ?” ಎಂದಿದ್ದರು. ಏನೂ ಕಂಡಿರಲಿಲ್ಲ. ಬಳೆ, ಕಿವಿಯೋಲೆಯ ಜೊತೆಗೆ ಕನ್ನಡಕವನ್ನೂ ತೆಗೆಸಿ ಹೊರಗಿನ ಲಾಕರಿನಲ್ಲಿ ಇಡಿಸಿದ್ದರು. ಅವಳ ಕಣ್ಣಿಗೆ ಪರದೆ ಅನ್ನುವುದು ಬೂದಿಬಣ್ಣದ ಒಂದು ಮುದ್ದೆ. ಊರಿನವರಿಗೆಲ್ಲ ಕಣ್ಣು ಕಾಣುವಂತೆ ಮಾಡುವ ಕೆಲಸದವಳು, ಕನ್ನಡಕ ತಂದುಕೊಡಿ ಎಂದು ಬಾಯಿಬಿಟ್ಟು ಕೇಳಲು ಸಂಕೋಚಪಟ್ಟು, “ಹ್ಞೂಂ, ಕಾಣ್ತು” ಅಂದಿದ್ದಳು. ಅಲ್ಲಿದ್ದವರೆಲ್ಲ ನೋಡಿದ್ದರು. ಅವಳೊಬ್ಬಳೇ ನೋಡಿರಲಿಲ್ಲ. ಗಂಡ ಹೇಗಿತ್ತು ಎಂದು ಕೇಳಿದಾಗ ಸಾಸಿವೆ ಕಾಳಿನ ಹಾಗಿತ್ತು ಎಂದು ಅದನ್ನೂ ಹುಟ್ಟಿಸಿ ಹೇಳಿದಳು.

ಕನ್ನಡಕದಂಗಡಿಯ ಹಿಂದಿನ ಕೋಣೆ ಅವಳದು. ಒಂದು ಎತ್ತರದ ಕುರ್ಚಿ, ಗೋಡೆಗೆ ಅಕ್ಷರದ ಪಟ, ಗಾಜುಗಳನ್ನು ಸಾಲಾಗಿ ಜೋಡಿಸಿಟ್ಟ ಮರದ ಪೆಟ್ಟಿಗೆ, ಮೂಲೆಯಲ್ಲಿ ಫ್ರೇಮು ಮೆತ್ತಗೆ ಮಾಡುವ ಬಿಸಿಗಾಳಿಯ ಯಂತ್ರ. ಬಂದವಳೇ ಅಂಗಡಿಯ ಟಾಯ್ಲೆಟ್ಟಿಗೆ ಹೋಗಿ ಬಟ್ಟೆ ನೋಡಿಕೊಂಡಳು. ಏನಿಲ್ಲ. ಹೊರಗೆ ಬಂದು ಕೈ ಒರೆಸಿಕೊಳ್ಳುವಾಗ ಸರಿಯಾಗಿ ನೋಡಿದೆನೋ ಇಲ್ಲವೋ ಎನ್ನಿಸಿ ಮತ್ತೆ ಹೋದಳು; ಅಲ್ಲಿಯ ಬಲ್ಬೋ ಹಳದಿ, ಹಾಳಾದ್ದು, ಕೆಂಪೂ ಕಂದೂ ಒಂದೇ ತರ ಕಾಣುತ್ತದೆ. ಹೊರಗಿನಿಂದ ಅಂಗಡಿಯ ಮಾಲೀಕರು ಕೆಮ್ಮಿದರು. ಬೆಳಿಗ್ಗೆ ಮೊದಲು ಬಂದವರು ಗಡಿಯಾರ ರಿಪೇರಿಯವರು, ಇದೇ ಬೀದಿಯವರು, ಹಳೇ ಗಿರಾಕಿ. ಅವರನ್ನು ಕೂರಿಸಿ, ಗಾಜು ಹಾಕುವ ಖಾಲಿ ಫ್ರೇಮನ್ನು ಮೂಗಿಗೇರಿಸಿ, ಒಂದೊಂದೇ ಗಾಜು ಬದಲಿಸುತ್ತ ಕೇಳತೊಡಗಿದಳು. ಇದು ಚೆನ್ನಾಗಿ ಕಾಣುತ್ತಾ, ಇದಾ? “ಮೊದಲನೇದು” ಅಂದರು. “ಅಲ್ಲ ಅಲ್ಲ, ಎರಡನೇದು. ತಾಳು, ಇನ್ನೊಂದ್ಸಲ ತೋರಿಸಮ್ಮ. ಎರಡೂ ಒಂದೇ ಅಲ್ವಾ? ನೀನು ಬದಲಾಯಿಸದೇನೇ ಆಟ ಆಡಿಸ್ತಿಲ್ಲ ತಾನೇ?” ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಈ ಪ್ರಶ್ನೆಗೆ ಜನ ತಡವರಿಸುವುದನ್ನು ಕಂಡು ಎಷ್ಟೋ ಸಲ ಒಳಗೊಳಗೇ ಹಲ್ಲು ಕಡಿದಿದ್ದಳು, ತಮ್ಮ ಕಣ್ಣಿಗೆ ಕಾಣುವುದೇ ತಮಗೆ ಗೊತ್ತಾಗುವುದಿಲ್ಲ ಅಂದರೆ ಏನು ಹೇಳೋಣ ಎಂದು. ಈಗ ತಾನು ಬೆಳಗಿನಿಂದ ಮಾಡುತ್ತಿರುವುದೇನು? ಮುಟ್ಟಿನ ನೋವಾ, ಇದಾ? ಬಲಕ್ಕಾ, ಎಡಕ್ಕಾ? ಆಗಿನದು ಜಾಸ್ತಿಯಾ, ಈಗಿನದಾ? ಇನ್ನೊಂದು ಸಲ ತೋರಿಸು ಎಂದು ಅವಳು ಯಾರನ್ನು ಕೇಳಬೇಕು?

ಪರೀಕ್ಷೆ ಮುಗಿದ ಮೇಲೆ ಅವರು ತಮ್ಮ ಹಳೇ ಫ್ರೇಮು ತೆಗೆದುಕೊಟ್ಟು, ಇದಕ್ಕೇ ಹೊಸ ಗಾಜು ಹಾಕು, ಎಡಗಿವಿಯ ಹತ್ತಿರ ಒತ್ತುತ್ತೆ, ಆ ಕಡ್ಡಿಯನ್ನು ಸ್ವಲ್ಪ ಸಡಿಲ ಮಾಡು ಅಂದರು. ದಿನಾ ಮಾಡುವ ಕೆಲಸ. ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು, ಆಗಾಗ ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಾದ ಕೂಡಲೇ ತೆಗೆದು ಬಗ್ಗಿಸಬೇಕು. ಒಂದು ಕ್ಷಣ ಹೆಚ್ಚಾದರೂ ಪ್ಲಾಸ್ಟಿಕ್ಕಿನೊಳಗೆ ಗುಳ್ಳೆಗಳು ಏಳುತ್ತವೆ, ಆಮೇಲೆ ಏನು ಮಾಡಿದರೂ ಅದು ಮೊದಲಿನ ಹಾಗಾಗುವುದಿಲ್ಲ. ಹಿಡಿದದ್ದೇ ತಡ, ಕಿಬ್ಬೊಟ್ಟೆಯಲ್ಲಿ ಛಳಕ್ ಎಂದಿತು. ಎಳೆತವಲ್ಲ ಇದು, ಚುಚ್ಚಿದ್ದು. ಅವಳು ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, ತೊಡೆಗಳ ನಡುವೆ ಏನಾದರೂ ಬೆಚ್ಚಗೆ ಇಳಿಯುತ್ತಿದೆಯೇ ಎಂದು ಕಾದು ನಿಂತಳು. ಇಳಿಯಲಿಲ್ಲ. ಇಳಿದಂತೆ ಅನ್ನಿಸಿತು. ಇಲ್ಲ. ಕಮಟು ವಾಸನೆ ಮೂಗಿಗೆ ಬಡಿದ ಮೇಲೆ ಕಣ್ಣು ಬಿಟ್ಟರೆ ಕಡ್ಡಿ ಗುಳ್ಳೆ ಗುಳ್ಳೆಯಾಗಿ ಸೊಟ್ಟಗೆ ಜೋತುಬಿದ್ದಿತ್ತು.

“ಅಯ್ಯಯ್ಯೋ, ಹೊಸದಾಗಿ ಸೇರ್ಕೊಂಡೋರೂ ಇಂಥ ತಪ್ಪು ಮಾಡಲ್ಲ. ಏನಾಗಿದೆ ನಿಮಗಿವತ್ತು?” ಎಂದು ಮಾಲೀಕರು ಗಿರಾಕಿಯೆದುರೇ ಕೇಳಿದರು. ಕೇಳುತ್ತಲೇ ಅವರ ಕಣ್ಣು ಅವಳ ಕೈಯ ಮೇಲೆ ಬಿತ್ತು. ಕೈ ಅದರ ಪಾಡಿಗೆ ಹೊಟ್ಟೆಯ ಮೇಲೆ ಕೂತಿತ್ತು. ಅವರ ಮುಖ ಒಮ್ಮೆಗೇ ಅರಳಿತು. “ಓಹೋ! ಏನಮ್ಮಾ, ವಿಶೇಷನಾ?” ಗಡಿಯಾರ ರಿಪೇರಿಯವರೂ ಫ್ರೇಮಿನ ದುಃಖ ಮರೆತು ಬೊಚ್ಚುಬಾಯಿ ತೆರೆದು ನಕ್ಕರು. ಅವಳಿಗೆ ಕಿವಿ ಬಿಸಿಯಾಯಿತು. “ಛೆ ಛೆ, ಇಲ್ಲ ಸಾರ್. ಏನೂ ಇಲ್ಲ. ಬರೀ ಗ್ಯಾಸ್ಟ್ರಿಕ್ಕು” ಅಂದಳು. ಅಂದಮೇಲೆ ತಾನಾಡಿದ್ದು ತನ್ನ ಕಿವಿಗೇ ಬಿತ್ತು. ಏನೂ ಇಲ್ಲ. ಎಂಥ ಮಾತು ಆಡಿದೆ ನಾನು! ಒಳಗಿರುವುದಕ್ಕೆ ಕಿವಿಯಿಲ್ಲ, ಕಿವಿ ಮೂಡಲು ಇನ್ನೂ ಎಷ್ಟೋ ಕಾಲ ಬೇಕು, ಎಲ್ಲ ಗೊತ್ತು, ಆದರೂ ಅದು ಈಗ ತಾನೇ ಹೊಸಿಲ ಮೇಲೆ ನಿಂತು, ಒಳಗೆ ಬರಲೋ ಬೇಡವೋ ಎಂದು ನೋಡುತ್ತಿರುವಾಗ ಮನೆಯಾಕೆಯೇ ಯಾರೂ ಇಲ್ಲ ಹೋಗು ಎಂದು ಬಾಗಿಲು ಹಾಕಿದಂತಾಗಲಿಲ್ಲವೇ? ಇದೆ, ಇದೆ, ನೀನಿದ್ದೀಯ ಎಂದು ಮನಸ್ಸಿನಲ್ಲೇ ಗಡಿಬಿಡಿಯಿಂದ ಹೇಳಿಕೊಂಡಳು. ಮಾಲೀಕರು ಪೆಚ್ಚಾಗಿ, “ಹೋಗ್ಲಿ, ಮನೆಗೆ ಹೋಗಿ ಮಲಕ್ಕೊಳ್ಳಿ. ಹೀಗಿದ್ರೆ ಇನ್ನೆಷ್ಟು ಫ್ರೇಮು ಸುಡ್ತೀರೋ” ಅಂದರು. ಕೊನೆಯ ಮಾತು ತಮಾಷೆಗೇ ಅಂದದ್ದು. ಅವಳ ಕಣ್ಣಲ್ಲಿ ನೀರು ಬಂದದ್ದು ಮಾತ್ರ ತಮಾಷೆಗಲ್ಲ.

ಮನೆಗೆ ಬಂದಾಗ ಅತ್ತೆ ಹಜಾರದಲ್ಲಿ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದರು. “ಇದೇನೇ, ಇಷ್ಟು ಬೇಗ? ಮುಖ ನೋಡು, ಸುಣ್ಣ ಬಳಿದ ಹಾಗಿದೆ. ಹೊಟ್ಟೆನೋವಾ?” ಮನೆ ನಡುಗುವಂಥ ದನಿ. “ಸ್ವಲ್ಪ” ಅಂದಳು. ಗಂಡನಿಗೆ ಇಲ್ಲ ಅಂದದ್ದನ್ನು ಅತ್ತೆಯೆದುರು ಒಪ್ಪಿಕೊಳ್ಳುವುದು ಸುಲಭವಾಗಿತ್ತು. ಇವರಿಗೆ ಅದು ಬರೀ ಕರುಳಿನ ನೋವು. “ಎಲ್ಲಿ? ಮೇಲಾ ಕೆಳಗಾ?” “ಕೆಳಗೆ.” “ಮಲಕ್ಕೋ ಹೋಗು. ನಾನಿದ್ದೀನಿ.” ಹಾಸಿಗೆಯಲ್ಲಿ ಅಂಗಾತ ಮಲಗಿ, ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡು ಚಾವಣಿ ನೋಡಿದಳು. ಬಂತು. ಹೋಯಿತು. ಬಂತು. ಹಜಾರದಲ್ಲಿ ಅತ್ತೆ ಬಟ್ಟೆ ಕೊಡವುವ ಸದ್ದು ಪಟ್ ಪಟ್ ಎಂದು ಕೇಳುತ್ತಿತ್ತು. ಅತ್ತೆಗೆ ಹೇಳಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಹೇಳಿ, ನಾಳೆ ಇದೂ ಹೋಗಿ, ಮತ್ತೆ ಬೆನ್ನು ತಟ್ಟಿಸಿಕೊಂಡು... ಬೇಡ. ಹೆದರಿ ಹೆದರಿ ದಣಿದ ಮೈ, ಯಾವಾಗ ನಿದ್ದೆ ಹತ್ತಿತೋ ತಿಳಿಯಲಿಲ್ಲ.

ಎಚ್ಚರವಾದಾಗ ಹಿತವಾಗಿತ್ತು. ಮೊದಲು ಅರಿವಿಗೆ ಬಂದದ್ದು ಆ ಹಿತ. ಎಷ್ಟೋ ದಿನಗಳಿಂದ ಬಿಗಿದಿದ್ದ ಸೊಂಟ, ತೊಡೆ, ಎಲ್ಲ ಸಡಿಲಬಿಟ್ಟು ಹಾಸಿಗೆಗೆ ಕರಗಿಹೋದಂತೆ. ಪರದೆಯಾಚೆ ಬಿಸಿಲು ಇಳಿದಿತ್ತು. ಹೊದಿಕೆಯ ಕೆಳಗೆ ಹೊಟ್ಟೆಯ ಮೇಲೆ ಏನೋ ಮೆತ್ತಗೆ ಭಾರವಾಗಿ ಕೂತಿತ್ತು, ಅದರ ಮೇಲೆ ಒಂದು ಕೈ. ಅತ್ತೆ ಮಂಚದ ಅಂಚಿನಲ್ಲಿ ಕೂತು ಬಿಸಿನೀರಿನ ಚೀಲವನ್ನು ಅವಳ ಕಿಬ್ಬೊಟ್ಟೆಗೆ ಒತ್ತಿ ಹಿಡಿದಿದ್ದರು.

ಅವಳ ಬಾಯಿಂದ ಹೊರಟ ಸದ್ದು ಅವಳಿಗೇ ಗುರುತು ಸಿಗಲಿಲ್ಲ. ಚೀಲವನ್ನು ಕಿತ್ತು ಎಸೆದಳು. ಅದು ಗೋಡೆಗೆ ಬಡಿದು ನೆಲಕ್ಕೆ ಬಿತ್ತು. “ಯಾರು ಹೇಳಿದ್ರು ನಿಮಗೆ? ಯಾರು ಇಡಿ ಅಂದ್ರು?” ಎಂದು ಕಿರುಚಿದಳು. ಈ ಮನೆಗೆ ಬಂದ ಮೇಲೆ ಅತ್ತೆಯೆದುರು ದನಿಯೇರಿಸಿದ್ದು ಇದೇ ಮೊದಲು. ಅತ್ತೆ ಎದ್ದು ಹಿಂದೆ ಸರಿದು ನಿಂತರು. “ಯಾಕೇ? ಸುಡ್ತಾ? ಬಟ್ಟೆ ಸುತ್ತಿದ್ನಲ್ಲ... ಹೊಟ್ಟೆನೋವಿಗೆ ಶಾಖ ಕೊಟ್ರೆ ಒಳ್ಳೇದು ಕಣೇ. ಸ್ಕೂಲಲ್ಲಿ ಎಷ್ಟು ಮಕ್ಕಳಿಗೆ ಕೊಟ್ಟಿದ್ದೀನಿ ನಾನು.” “ಎಷ್ಟು ಹೊತ್ತಾಯ್ತು ಇಟ್ಟು?” “ನೀನು ಮಲಗಿದಾಗಿಂದ ಇಟ್ಟಿದ್ದೀನಿ. ಆರಿದಾಗೆಲ್ಲ ನೀರು ಬದಲಾಯಿಸ್ತಾ ಇದ್ದೆ. ನಿದ್ದೇಲೂ ನರಳ್ತಿದ್ದೆ, ಇಟ್ಮೇಲೆ ಸುಮ್ಮನಾದೆ.” ಮಧ್ಯಾಹ್ನವಿಡೀ. ಆರಿದಾಗೆಲ್ಲ. ಹೊಟ್ಟೆಗೆ ಬಿಸಿ ತಾಗಿಸಬಾರದು, ಬಿಸಿನೀರಿನ ತೊಟ್ಟಿಯಲ್ಲಿ ಕೂರಬಾರದು, ಶಾಖ ಕೊಟ್ಟುಕೊಳ್ಳಬಾರದು ಎಂದು ನರ್ಸು ಹೇಳಿದ್ದಳು. ಅವಳ ಕಣ್ಣ ಮುಂದೆ ಬೆಳಗ್ಗೆಯ ಆ ಕಡ್ಡಿ ಬಂತು, ಒಳಗಿನಿಂದ ಎದ್ದ ಗುಳ್ಳೆಗಳು ಬಂದವು. ಒಂದು ಕ್ಷಣ ಹೆಚ್ಚಾದರೆ ಸಾಕು. ಇದು ಇಡೀ ಮಧ್ಯಾಹ್ನ.

ಕ್ಲಿನಿಕ್ಕಿಗೆ ಫೋನು ಹಚ್ಚಿ, ಎರಡೂ ಕೈ ಹೊಟ್ಟೆಗೆ ಬೇಕೆಂಬಂತೆ ಅದನ್ನು ಹಾಸಿಗೆಯ ಮೇಲಿಟ್ಟು ಸ್ಪೀಕರ್ ಒತ್ತಿದಳು. ಅತ್ತೆ ಅಲ್ಲೇ ಇದ್ದಾರೆ ಎಂಬುದು ಗೊತ್ತಿತ್ತು. ಆ ಗಳಿಗೆಯಲ್ಲಿ ಅದು ಯಾವ ಲೆಕ್ಕಕ್ಕೂ ಇರಲಿಲ್ಲ. “ಸಿಸ್ಟರ್, ನಂಗೆ ಮೊನ್ನೆ ಟ್ರಾನ್ಸ್‌ಫರ್ ಆಗಿದೆ. ಭ್ರೂಣ ಇಟ್ಟಿದ್ದೀರಿ. ಇವತ್ತು ಹೊಟ್ಟೆ ಮೇಲೆ ಬಿಸಿನೀರಿನ ಚೀಲ... ತುಂಬಾ ಹೊತ್ತು... ನಂಗೆ ನಿದ್ದೆ ಬಂದಿತ್ತು, ಗೊತ್ತಾಗ್ಲಿಲ್ಲ...” ಆ ಕಡೆಯಿಂದ ಟ್ರೇ ಇಟ್ಟ ಸದ್ದು, ಯಾರನ್ನೋ ಕಾಯಲು ಹೇಳಿದ ಸದ್ದು. “ಗಾಬರಿಯಾಗ್ಬೇಡಿ ಮೇಡಂ. ಮೇಲಿನ ಬಿಸಿ ಅಷ್ಟು ಆಳಕ್ಕೆ ಇಳಿಯಲ್ಲ. ಅಷ್ಟಕ್ಕೆಲ್ಲ ಏನೂ ಆಗಲ್ಲ. ಇನ್ಮುಂದೆ ಮಾತ್ರ ಇಟ್ಕೋಬೇಡಿ.” “ಏನೂ ಆಗಲ್ಲ ಅಂದ್ಮೇಲೆ ಇನ್ಮುಂದೆ ಯಾಕೆ ಬೇಡ?” “ಸುಮ್ನೆ, ಹುಷಾರಾಗಿರ್ಲಿ ಅಂತ. ಬ್ಲೀಡಿಂಗ್ ಇದೆಯಾ?” “ಬೆಳಿಗ್ಗೆ ಇರ್ಲಿಲ್ಲ.” “ತಡೆಯೋಕಾಗದಂಥ ನೋವು? ಹೊಟ್ಟೆ ಊದ್ಕೊಂಡು ಉಸಿರು ಕಟ್ಟೋದು?” “ಇಲ್ಲ. ಸಣ್ಣಗೆ, ಎಳೆದ ಹಾಗೆ ಇದೆ, ಬೆಳಗಿಂದ.” “ಅದಿದ್ರೆ ಒಳ್ಳೇದೇ ಬಿಡಿ, ಒಳಗೆ ಕೆಲಸ ನಡೀತಿದೆ ಅನ್ಕೊಳ್ಳಿ” ಎಂದು ನರ್ಸು ನಕ್ಕು ಫೋನಿಟ್ಟಳು. ಬೇರೆ ಯಾರಿಗೋ ಸಮಾಧಾನ ಹೇಳಲು ಹೋಗಿರಬೇಕು.

ಅತ್ತೆ ನಿಧಾನವಾಗಿ ನೆಲದ ಮೇಲೆ, ಬಿದ್ದಿದ್ದ ಚೀಲದ ಪಕ್ಕ ಕೂತರು. ಅವರು ನೆಲದಲ್ಲಿ ಕೂತದ್ದನ್ನು ಅವಳು ಈಚೆಗೆ ನೋಡಿರಲಿಲ್ಲ, ಮಂಡಿ ಮಡಚಲು ಆಗುತ್ತಿರಲಿಲ್ಲ ಅವರಿಗೆ. “ಮತ್ತೆ ಇಡಿಸ್ಕೊಂಡ್ಯಾ?” ಅಂದರು. ಅದು ಅವರ ದನಿಯೇ ಅಲ್ಲ, ಅವರೂ ಪಿಸುಗುಟ್ಟುತ್ತಿದ್ದರು. “ಕರುಳು ಇನ್ಫೆಕ್ಷನ್ನು ಅಂದ್ರಲ್ಲ.” ಅವಳು ತಲೆ ತಗ್ಗಿಸಿದಳು. “ನಂಗ್ಯಾಕೆ ಹೇಳ್ಲಿಲ್ಲ? ಹೋದ ಸಲ ಮ್ಯಾಚು ಗೀಚು ಅಂದೆ ಅಂತಾನಾ?” ಅವಳು ತಟ್ಟನೆ ತಲೆಯೆತ್ತಿದಳು. ಗೊತ್ತಿತ್ತಾ ಇವರಿಗೆ? “ಇನ್ನೇನು ಹೇಳ್ಬೇಕಿತ್ತೇ ನಾನು? ನಿನ್ನ ಮುಖ ನೋಡೋಕಾಗ್ಲಿಲ್ಲ. ಓಟದಲ್ಲಿ ಬಿದ್ದ ಮಕ್ಕಳಿಗೆ ಹೇಳೋದು ಅದೊಂದೇ ಬರೋದು ನಂಗೆ. ಬಾಯಿಗೆ ಬಂದುಬಿಡ್ತು. ಟೀವಿ ಜೋರಾಗಿಟ್ಕೊಂಡು ಎಷ್ಟು ಅಳ್ತಿದ್ದೆ ಅನ್ನೋದು ನನಗೇ ಗೊತ್ತು.” ಆಮೇಲೆ ತಮ್ಮ ಎರಡು ಅಂಗೈಗಳನ್ನೂ ಎತ್ತಿ ನೋಡಿಕೊಂಡರು. ಚೀಲ ಹಿಡಿದೂ ಹಿಡಿದೂ ಅವು ಕೆಂಪಗಾಗಿದ್ದವು. “ಈ ಕೈಯಲ್ಲೇ... ಒತ್ತಿ ಒತ್ತಿ ಇಟ್ಟೆನಲ್ಲೇ. ಜಾಸ್ತಿ ಬಿಸಿ ಇರ್ಲಿ ಅಂತ ಕುದಿಸ್ಕೊಂಡು ಬಂದು ಇಟ್ಟೆ. ಅಯ್ಯೋ ದೇವ್ರೇ, ಏನು ಮಾಡಿಬಿಟ್ಟೆ ನಾನು!”

ಅವಳು ಮಂಚದಿಂದ ಇಳಿದು ಅವರೆದುರು ಕೂತಳು. “ಏನೂ ಆಗಿಲ್ಲ ಅತ್ತೆ. ಮೇಲಿನ ಬಿಸಿ ಅಷ್ಟು ಆಳಕ್ಕೆ ಇಳಿಯಲ್ಲವಂತೆ. ನೀವೇ ಕೇಳಿಸ್ಕೊಂಡ್ರಲ್ಲ” ಅಂದಳು. ತಾನೇ ನಂಬದ ಮಾತು ತನ್ನ ಬಾಯಲ್ಲಿ ಎಷ್ಟು ಗಟ್ಟಿಯಾಗಿ ಬಂತು ಎಂದು ಅವಳಿಗೇ ಅಚ್ಚರಿಯಾಯಿತು. ಹೇಳುತ್ತ ಹೇಳುತ್ತಲೇ ಅಭ್ಯಾಸದಂತೆ ಮನಸ್ಸು ಕೆಳಗಿಳಿದು ಆ ಎಳೆತವನ್ನು ಹುಡುಕಿತು. ಬಲಕ್ಕೆ ನೋಡಿತು. ಎಡಕ್ಕೆ ನೋಡಿತು. ಸಿಗಲಿಲ್ಲ. ಉಸಿರು ಬಿಗಿಹಿಡಿದು ಕಾದಳು. ಇಷ್ಟು ಹೊತ್ತಿಗೆ ಬರಬೇಕಿತ್ತು. ಎದ್ದಾಗಿನಿಂದ ಒಮ್ಮೆಯೂ ಬಂದಿರಲಿಲ್ಲ, ಈಗ ಹೊಳೆಯಿತು. ಬೆಳಗಿನಿಂದ ಹೋಗಲಿ ಹೋಗಲಿ ಎಂದು ಬೇಡಿಕೊಂಡದ್ದು ಹೋಗಿತ್ತು. ಹೊಟ್ಟೆ ಒಂದೇ ಸಮನೆ ಸುಮ್ಮನಿತ್ತು. ಆ ಸುಮ್ಮನಿರುವಿಕೆಯ ಭಯಕ್ಕೆ ಹೋಲಿಸಿದರೆ ಬೆಳಗಿನ ಭಯ ಭಯವೇ ಆಗಿರಲಿಲ್ಲ.

ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದರು, ತೀರ್ಪಿಗೆ ಕಾದವರಂತೆ. “ಆ ನರ್ಸು ಅಂದ್ಲಲ್ಲ, ನೋವಿದ್ರೆ ಒಳ್ಳೇದು ಅಂತ. ಈಗಲೂ ಇದೆ ತಾನೇ? ನಿಜ ಹೇಳು. ಇದೆಯಾ?”

“ಇದೆ ಅತ್ತೆ” ಅಂದಳು.

“ಎಲ್ಲಿ?”

ಅವರ ಕೆಂಪಗಾದ ಕೈಯನ್ನು ಎಳೆದುಕೊಂಡು ಹೊಕ್ಕುಳಿನ ಕೆಳಗೆ, ಸ್ವಲ್ಪ ಬಲಕ್ಕೆ, ಇಟ್ಟುಕೊಂಡಳು. “ಇಲ್ಲಿ. ಈಗ ಬಂತು ನೋಡಿ.” ಅತ್ತೆ ಈ ಸಲ ಒತ್ತಲಿಲ್ಲ. ಅಂಗೈಯನ್ನು ತಾಗಿಯೂ ತಾಗದಂತೆ ಹಿಡಿದು, ಕಣ್ಣು ಮುಚ್ಚಿಕೊಂಡು, ಅಲ್ಲಿ ಏನೋ ನಿಜವಾಗಿ ಸಿಕ್ಕಿದವರ ಹಾಗೆ ಮೆಲ್ಲಗೆ ತಲೆಯಾಡಿಸಿದರು. “ಹ್ಞೂಂ” ಅಂದರು, “ಇರ್ಲಿ. ಹಾಗೇ ಇರ್ಲಿ.”